ಪಾತ್ರೆ ಮುರುಗೇಶಪ್ಪನ ಭಾನುವಾರ

ದಾವಣಗೆರೆಯಲ್ಲಿ ಸಾಮಾನ್ಯ ಮನುಷ್ಯನ ಮುಖ ಸರ್ಕಲ್ಲಿನ ಕಂಬ ಏರಬೇಕಾದರೆ ಎರಡೇ ಕಾರಣ. ಒಂದೋ ಅವನ ಹುಟ್ಟುಹಬ್ಬ, ಇಲ್ಲವೇ ಅವನ ಸಾವು. ಇದನ್ನು ಯಾರೂ ಕಾನೂನು ಮಾಡಿಲ್ಲ. ಆದರೆ ನಾನು ಫ್ಲೆಕ್ಸ್ ಪ್ರಿಂಟ್ ಹಾಕುವ ಅಂಗಡಿ ಇಟ್ಟುಕೊಂಡು ಕೂತವನು, ನನಗೆ ಗೊತ್ತು. ಹುಟ್ಟುಹಬ್ಬಕ್ಕೆ ಮೇಲ್ಗಡೆ ಮುಖಂಡರ ಮುಖಗಳ ಸಾಲು, ಕೆಳಗಡೆ ಹುಡುಗರ ಮುಖಗಳ ಸಾಲು, ನಡುವೆ ಕೂಲಿಂಗ್ ಗ್ಲಾಸ್ ಹಾಕಿಕೊಂಡ ಅಣ್ಣ, ಅವನ ಹಿಂದೆ ಬೆಂಕಿಯೋ ಸಿಂಹವೋ ಏನೋ ಒಂದು. ಸಾವಿಗೆ ಬಿಳಿ ಹಿನ್ನೆಲೆ, ಒಂದೇ ಮುಖ, ನಗು ಇಲ್ಲ. ಬೈಕಿನಲ್ಲಿ ಹೋಗುವ ಜನ ಅಕ್ಷರ ಓದುವುದಿಲ್ಲ. ಬಣ್ಣ ನೋಡಿಯೇ ಯಾರು ಮೇಲೆ ಬಂದರು, ಯಾರು ಹೋದರು ಅಂತ ತಿಳಿದುಕೊಂಡು ಗೇರ್ ಬದಲಿಸುತ್ತಾರೆ. ಇದು ಗೊತ್ತಿದ್ದೇ ನಾನು ನಮ್ಮ ಭಾವನಿಗೆ ಬಿಳಿ ಬೇಡ ಅಂದಿದ್ದೆ. ಅವರು ನನ್ನ ಮಾತು ಯಾವತ್ತು ಕೇಳಿದ್ದರು ಹೇಳಿ.

ಭಾವ ಅಂದರೆ ನಮ್ಮ ಅಕ್ಕ ಅನ್ನಪೂರ್ಣಮ್ಮನ ಗಂಡ, ಮುರುಗೇಶಪ್ಪ. ಊರಿನವರ ಬಾಯಲ್ಲಿ ಪಾತ್ರೆ ಮುರುಗೇಶಪ್ಪ. ಸ್ಟೀಲ್ ಪಾತ್ರೆ, ಹಿತ್ತಾಳೆ ಕೊಡ, ತಾಮ್ರದ ಹಂಡೆ ಎಲ್ಲ ಮಾರುವ ಅಂಗಡಿ ಅವರದು. ಮನೆ ಎಂ.ಸಿ.ಸಿ. ‘ಬಿ’ ಬ್ಲಾಕಿನಲ್ಲಿ. ಪಾತ್ರೆ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ಜನ ಇವರಲ್ಲಿಗೇ ಬರುತ್ತಿದ್ದದ್ದು ಎರಡು ಕಾರಣಕ್ಕೆ. ಒಂದು, ಮದುವೆಗೆ ಮುಯ್ಯಿ ಕೊಡುವ ಪಾತ್ರೆಯ ಮೇಲೆ ಹೆಸರು ಕೆತ್ತುವುದರಲ್ಲಿ ಅವರ ಕೈ. ಕರೆಂಟಿನ ಪೆನ್ನು ಗುಂಯ್ ಅನ್ನುತ್ತಿತ್ತು, ಅಕ್ಷರ ಅಚ್ಚು ಹಾಕಿದ ಹಾಗೆ ಬರುತ್ತಿತ್ತು. ಇನ್ನೊಂದು, ಅವರ ಬಾಯಿ. ಪಾತ್ರೆ ಕೊಳ್ಳಲು ಬಂದ ಹೆಂಗಸರನ್ನು ಕೂರಿಸಿ, ಹೆಸರು ಹಾಕಿಸದೆ ಬೀಗರ ಮನೆಗೆ ಕೊಟ್ಟ ಕೊಳಗ ಯಾರ ಯಾರ ಮನೆ ಸುತ್ತಿ ಕೊನೆಗೆ ಕೊಟ್ಟವರ ಮನೆಗೇ ಮುಯ್ಯಿಯಾಗಿ ಬಂತು ಅಂತ ಕತೆ ಕಟ್ಟಿ ಹೇಳುವರು. ಸುಳ್ಳು ಕತೆ. ಪ್ರತಿ ಸಲ ಊರಿನ ಹೆಸರು ಬದಲಾಗುತ್ತಿತ್ತು. ಹೆಂಗಸರು ನಕ್ಕು ನಕ್ಕು ಸುಸ್ತಾಗಿ ಒಂದರ ಬದಲು ಎರಡು ಕೊಂಡು ಹೋಗುತ್ತಿದ್ದರು.

ಕೊರೊನಾ ಮುಗಿದ ಮೇಲಿನ ಮದುವೆ ಸೀಜನ್ನಿನಲ್ಲಿ ಆ ಅಕ್ಷರ ಸೊಟ್ಟಗಾಗತೊಡಗಿತು. ತಪ್ಪನ್ನು ಮೊದಲು ಪೆನ್ನಿನ ಮೇಲೆ ಹಾಕಿದರು, ಆಮೇಲೆ ಕನ್ನಡಕದ ಮೇಲೆ. ಹೊಸ ಪೆನ್ನು ಬಂತು, ಹೊಸ ಕನ್ನಡಕ ಬಂತು, ಅಕ್ಷರ ಮಾತ್ರ ನೆಟ್ಟಗಾಗಲಿಲ್ಲ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸ ಇಳಿದು ಗುಳಿ ಬಿದ್ದಿತ್ತು. ತೋಳಿನ ಚರ್ಮದ ಒಳಗೆ ಏನೋ ಪುಟಪುಟ ಅದುರುತ್ತಿತ್ತು. ಅದನ್ನೂ ಭಾವ ಗಿರಾಕಿಗಳಿಗೆ ತೋರಿಸಿ, ನೋಡ್ರಿ ಒಳಗೆ ಅವಲಕ್ಕಿ ಮಿಲ್ಲು ಐತೆ ಅಂತ ತಮಾಷೆ ಮಾಡಿದರು.

ತಮಾಷೆ ನಿಂತದ್ದು ಪೂಜೆಯ ಹೊತ್ತಿನಲ್ಲಿ. ನಮ್ಮಲ್ಲಿ ದಿನಾ ಬೆಳಿಗ್ಗೆ ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುತ್ತೇವೆ. ಒಂದು ದಿನ ಭಾವನ ಅಂಗೈ ತಾನಾಗಿ ಓರೆಯಾಗಿ ಲಿಂಗ ಜಾರಿ ಮಣೆಯ ಮೇಲೆ ಬಿತ್ತು. ಅಕ್ಕ ಕಣ್ಣಾರೆ ನೋಡಿದಳು. ಮನೆ ಮಂದಿಯೆಲ್ಲ ಕೂಡಿ ಇದು ಭಕ್ತಿಯಲ್ಲಿ ಆದ ಲೋಪ ಅಂತ ತೀರ್ಮಾನಿಸಿದರು. ಸ್ವಾಮಿಗಳನ್ನು ಕರೆಸಿ ಶಾಂತಿ ಮಾಡಿಸಿದರು, ಯಾರ ಮುಂದೆಯೂ ಬಾಯಿ ಬಿಡಬಾರದು ಅಂತ ಮಾತಾಯಿತು. ಬಲಗೈ ಆಯಿತು, ಈಗ ಎಡಗೈಯೂ ಸೋಲುತ್ತಿದೆ ಅಂತ ಒಬ್ಬರಿಗಾದರೂ ಹೊಳೆಯಬೇಕಲ್ಲ, ಹೊಳೆಯಲಿಲ್ಲ.

ಆಮೇಲೆ ನಾಲಿಗೆ ದಪ್ಪವಾಯಿತು. ‘ಸಾರಿನ ಪಾತ್ರೆ’ ಅನ್ನುವುದು ಹೊರಳಿ ಹೊರಳಿ ಬರತೊಡಗಿತು. ನಡೆಯುವಾಗ ಕಾಲು ಎಡವುತ್ತಿತ್ತು. ಹಗಲು ಹೊತ್ತಿನಲ್ಲಿ ತೊದಲುವ, ತಟ್ಟಾಡುವ ಅಂಗಡಿಯವನನ್ನು ಬಜಾರಿನಲ್ಲಿ ಏನಂತಾರೆ? ಅದನ್ನೇ ಅಂದರು. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದ ಮನುಷ್ಯ. ಅವರ ಸ್ವಂತ ಅಣ್ಣ ಪಂಚಾಕ್ಷರಪ್ಪ ಎಸ್.ಎಸ್. ಬಡಾವಣೆಯಿಂದ ಬಂದು, ಪಕ್ಕದಲ್ಲಿ ಕೂತು, ಮಾತಾಡುವ ನೆಪದಲ್ಲಿ ಬಾಯಿ ವಾಸನೆ ನೋಡಿ ಹೋದರು. ಭಾವನಿಗೆ ಅದು ಗೊತ್ತಾಯಿತು. ಆ ಸಂಕಟವನ್ನು ಅವರು ಯಾವತ್ತೂ ಮರೆಯಲಿಲ್ಲ.

ವಾಸನೆ ಇಲ್ಲ ಅಂತ ಖಾತ್ರಿಯಾದ ಮೇಲೆ ಪಂಚಾಕ್ಷರಪ್ಪನವರೇ ಅದಕ್ಕೆ ಲಕ್ವಾ ಅಂತ ಹೆಸರಿಟ್ಟರು. ಲಕ್ವಾಕ್ಕೆ ಸೊಪ್ಪಿನ ರಸ ಕೊಡುವ ಒಂದು ಹಳ್ಳಿಗೆ ಕಾರು ಮಾಡಿಕೊಂಡು ಹೋದರು, ಮತ್ತೆ ಮತ್ತೆ ಹೋದರು. ಔಷಧಿಗಿಂತ ಪಥ್ಯ ಜೋರು. ಹಾಲು ಇಲ್ಲ, ಮೊಸರು ಇಲ್ಲ, ಎಣ್ಣೆ ಇಲ್ಲ, ಬೇಳೆ ಇಲ್ಲ. ಒಣ ರೊಟ್ಟಿ, ಬಿಸಿನೀರು. ಬೆಣ್ಣೆದೋಸೆಗೆ ಇನ್ನಷ್ಟು ಬೆಣ್ಣೆ ಹಾಕಿಸಿಕೊಂಡು ತಿನ್ನುತ್ತಿದ್ದ ಮನುಷ್ಯ ವರ್ಷಕ್ಕೂ ಹೆಚ್ಚು ಕಾಲ ಅದನ್ನು ತಿಂದು ಮೂಳೆ ಚಕ್ಕಳವಾದರು. ಕೊನೆಗೆ ಗುಟುಕು ನೀರು ಕೂಡ ನೆತ್ತಿಗೇರತೊಡಗಿದಾಗ ನಯನಾ ಹಟ ಹಿಡಿದು ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ನಯನಾ ಅವರ ಒಬ್ಬಳೇ ಮಗಳು, ಅಲ್ಲೇ ಬಡಾವಣೆಯ ಶಾಲೆಯೊಂದರಲ್ಲಿ ಟೀಚರ್.

ಡಾಕ್ಟರು ಸ್ನಾಯುಗಳಿಗೆ ಸೂಜಿ ಚುಚ್ಚಿ ಕರೆಂಟಿನ ಪರೀಕ್ಷೆ ಮಾಡಿದರು, ಬೆಂಗಳೂರಿನ ದೊಡ್ಡಾಸ್ಪತ್ರೆಗೂ ಕಳಿಸಿ ಖಚಿತ ಮಾಡಿಕೊಂಡರು. ಕಾಯಿಲೆಯ ಹೆಸರು ಮೋಟಾರ್ ನ್ಯೂರಾನ್. ಕೈಕಾಲು, ನಾಲಿಗೆ, ಗಂಟಲು, ಎದೆ ಇವನ್ನೆಲ್ಲ ಆಡಿಸುವ ನರಗಳು ಒಂದೊಂದಾಗಿ ಸಾಯುತ್ತ ಹೋಗುತ್ತವೆ. ಬುದ್ಧಿ ಸಾಮಾನ್ಯವಾಗಿ ಕೆಡುವುದಿಲ್ಲ, ಕಣ್ಣು ಕಿವಿ ಕೆಡುವುದಿಲ್ಲ, ಮುಟ್ಟಿದ್ದೂ ಗೊತ್ತಾಗುತ್ತದೆ. ಗುಣಪಡಿಸುವ ಮದ್ದಿಲ್ಲ, ಕಾಯಿಲೆಯ ನಡಿಗೆಯನ್ನು ಸ್ವಲ್ಪ ನಿಧಾನ ಮಾಡುವ ಮಾತ್ರೆ ಇದೆ. ಹೆಚ್ಚಿನವರು ಎರಡರಿಂದ ಐದು ವರ್ಷ ಬದುಕುತ್ತಾರೆ, ಕೆಲವರು ಇನ್ನೂ ಜಾಸ್ತಿ. ಪಥ್ಯದ ವಿಷಯ ಕೇಳಿ ಡಾಕ್ಟರು ತಲೆ ಮೇಲೆ ಕೈ ಹೊತ್ತರು. ಈ ಕಾಯಿಲೆಯವರು ತೂಕ ಕಳೆದುಕೊಳ್ಳಲೇಬಾರದಂತೆ, ಚೆನ್ನಾಗಿ ತಿನ್ನಬೇಕಂತೆ. ಅಕ್ಕ ಮಾತ್ರೆ ಎಷ್ಟು ದಿನ ಅಂತ ಕೇಳಿದಳು. ಭಾವ ಕೇಳಿದ್ದು ಒಂದೇ, ಮಾತು ಎಷ್ಟು ದಿನ ಅಂತ. ಕೆಲವು ತಿಂಗಳು ಅಂದರು ಡಾಕ್ಟರು.

ಮರುದಿನ ನಾನು ನೋಡಲು ಹೋದರೆ ಭಾವ ಬೆಣ್ಣೆದೋಸೆ ತರಿಸಿಕೊಂಡು, ಅಕ್ಕನಿಂದ ಚೂರು ಚೂರು ಮೆತ್ತಗೆ ಮಾಡಿಸಿಕೊಂಡು ತಿನ್ನುತ್ತಿದ್ದರು. ತಿಂದು ಮುಗಿಸಿ ನನ್ನ ಕಡೆ ತಿರುಗಿದರು.

“ಲೇ ಬಕ್ಕೇಶಿ, ಸಾಯಾಕೆ ಬೇಜಾರಿಲ್ಲ. ಕುಡುಕ ಅನ್ನಿಸ್ಕೊಂಡು ಸಾಯಾಕೆ ಮನಸಿಲ್ಲ. ಬಾಯಿ ಇರೋತಂಕ ಊರಿಗೆಲ್ಲ ಹೇಳಿ ಹೋಗ್ತೀನಿ, ಇದರ ಹೆಸರು ಇದು ಅಂತ.”

ಇಷ್ಟು ಹೇಳಲು ಅವರಿಗೆ ಬಹಳ ಹೊತ್ತು ಹಿಡಿಯಿತು. ತಮಗಾದ ಹಾಗೆ ಇನ್ನೊಬ್ಬರು ಪಥ್ಯ ಮಾಡಿ ವರ್ಷ ಕಳೆಯಬಾರದು, ಇನ್ನೊಬ್ಬರ ಬಾಯಿಯ ವಾಸನೆ ಯಾರೂ ನೋಡಬಾರದು ಅನ್ನುವುದು ಅವರ ಹಟ. ಎದುರಿಗೆ ನಿಂತು ಅಡ್ಡ ಬಂದದ್ದು ಅವರ ಅಣ್ಣ.

ಪಂಚಾಕ್ಷರಪ್ಪನವರು ಕೆಟ್ಟವರಲ್ಲ, ಅವರ ಲೆಕ್ಕ ಬೇರೆ. ನಯನಾಳಿಗೆ ಹರಿಹರದ ಒಂದು ಮನೆತನದಿಂದ ಗಂಡು ಬಂದಿತ್ತು. ಒಳ್ಳೆಯ ವ್ಯಾಪಾರಸ್ಥರು, ಹುಡುಗನೂ ಮರ್ಯಾದಸ್ಥ, ನಯನಾ ಒಪ್ಪಿದ್ದಳು, ಬರೀ ಒಪ್ಪಿದ್ದಲ್ಲ, ಅವನ ಫೋನ್ ಬಂದರೆ ತಾರಸಿಗೆ ಹೋಗುತ್ತಿದ್ದಳು. ಆ ಮನೆಯಲ್ಲಿ ಮಾತು ನಡೆಯುವುದು ಹುಡುಗನ ತಾಯಿ ಸರ್ವಮಂಗಳಮ್ಮನದು. ಅವರಿಗೆ ಹುಡುಗಿಯ ತಂದೆಗೆ ಲಕ್ವಾ ಹೊಡೆದಿದೆ, ಗುಣವಾಗುತ್ತಿದೆ ಅಂತ ಹೇಳಲಾಗಿತ್ತು. ಲಕ್ವಾ ಅಂದರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ಹೆಸರೇ ಕೇಳಿರದ, ಮದ್ದಿಲ್ಲದ ನರದ ಕಾಯಿಲೆ ಅಂದರೆ ಮೊದಲು ಕೇಳುವುದು ಮಗಳಿಗೂ ಬರುತ್ತದಾ ಅಂತ. ಡಾಕ್ಟರು ಆ ಬಗ್ಗೆಯೂ ಹೇಳಿದ್ದರು. ಹತ್ತರಲ್ಲಿ ಒಂಬತ್ತು ಜನರಿಗೆ ಇದು ಮನೆತನದಿಂದ ಬಂದದ್ದಾಗಿರುವುದಿಲ್ಲ, ಇವರ ಮನೆಯಲ್ಲಿ ಹಿಂದೆ ಯಾರಿಗೂ ಇರಲಿಲ್ಲ, ಹೆದರುವಂಥದ್ದು ಹೆಚ್ಚೇನಿಲ್ಲ ಅಂತ. ಆದರೆ ಪಂಚಾಕ್ಷರಪ್ಪನವರು, ಆ ಒಂಬತ್ತನ್ನು ಯಾರು ಹಿಡಿಯುತ್ತಾರೆ, ಎಲ್ಲರೂ ಆ ಒಂದನ್ನೇ ಹಿಡಿದು ಕೂರುತ್ತಾರೆ ಅನ್ನುತ್ತಿದ್ದರು, ಅದೂ ಸರಿಯೇ. ನಿಶ್ಚಿತಾರ್ಥ ಆಗುವವರೆಗೆ ತೆಪ್ಪಗಿರು ಅಂತ ತಮ್ಮನಿಂದ ಮಾತು ತೆಗೆದುಕೊಂಡರು. ಮಗಳ ಮುಖ ನೋಡಿ ಭಾವ ಒಪ್ಪಿದರು.

ನಿಶ್ಚಿತಾರ್ಥ ಆಷಾಢ ಕಳೆದ ಮೇಲೆ ಅಂತಾಗಿತ್ತು. ಅಷ್ಟರಲ್ಲಿ ಹರಿಹರದವರ ದಾಯಾದಿಗಳಲ್ಲಿ ಯಾರೋ ತೀರಿಕೊಂಡು ಅದು ದೀಪಾವಳಿ ಆಚೆಗೆ ಹೋಯಿತು. ಶ್ರಾವಣ ಬರುವಷ್ಟರಲ್ಲಿ ಭಾವನ ಮಾತು ಹೊರಗಿನವರಿಗೆ ತಿಳಿಯುವುದು ನಿಂತಿತ್ತು. ಅಕ್ಕನಿಗೆ ಅರ್ಧ ತಿಳಿಯುತ್ತಿತ್ತು, ನನಗೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಪೂರಾ ತಿಳಿಯುತ್ತಿದ್ದದ್ದು ನಯನಾಳಿಗೆ ಒಬ್ಬಳಿಗೇ. ಭಾವ ಸುಮ್ಮನೆ ಕಿಟಕಿ ಕಡೆ ನೋಡುತ್ತ ಕೂರುವುದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು, ಯಾರ ಮೇಲೆ ಅಂತ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಜೀವನವಿಡೀ ಮಾತು ಮಾರಿಕೊಂಡು ಬದುಕಿದವರನ್ನು ಕೊನೆಯ ಮಾತು ಇರುವಾಗ ಬಾಯಿ ಕಟ್ಟಿ ಕೂರಿಸಿದ್ದೆವು.

ಒಂದು ಸಂಜೆ ಶಾಲೆ ಬಿಟ್ಟವಳೇ ನಯನಾ ಸ್ಕೂಟಿಯಲ್ಲಿ ನನ್ನ ಅಂಗಡಿಗೆ ಬಂದಳು. ಮೊಬೈಲಿನಿಂದ ಅಪ್ಪನ ಫೋಟೊ ಕಳಿಸಿ, ಫ್ಲೆಕ್ಸಿಗೆ ಬರೆಯಬೇಕಾದದ್ದನ್ನೂ ಹೇಳಿದಳು. ನನಗೆ ಮೋಟಾರ್ ನ್ಯೂರಾನ್ ಕಾಯಿಲೆ, ಇದು ಲಕ್ವಾ ಅಲ್ಲ, ಕುಡಿತವಲ್ಲ, ಅಂಟುರೋಗವಲ್ಲ, ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬನ್ನಿ, ನಾನೇ ಹೇಳುತ್ತೇನೆ. ಕೆಳಗೆ ಮುರುಗೇಶಪ್ಪ, ಪಾತ್ರೆ ಅಂಗಡಿ, ವಿಳಾಸ. ಅಪ್ಪನನ್ನು ಒಪ್ಪಿಸಿದ್ದು ತಾನೇ ಅಂದಳು. ದೊಡ್ಡಪ್ಪನಿಗೆ ಗೊತ್ತಾದರೆ ರಂಪವಾಗುತ್ತದೆ, ಹರಿಹರದವರು ಕೈಬಿಡುತ್ತಾರೆ, ಯೋಚನೆ ಮಾಡು ತಾಯಿ ಅಂತ ನಾನು ಬಡಕೊಂಡೆ.

“ಮದುವೆ ಆಮ್ಯಾಲೆ ಆದ್ರೂ ಆಗ್ತೈತೆ ಮಾಮ. ಅಪ್ಪನ ಮಾತು ಆಮ್ಯಾಲೆ ಬರಲ್ಲ,” ಅಂದಳು.

ಪಾಲಿಕೆಯ ಪರವಾನಗಿ, ಪ್ಲಾಸ್ಟಿಕ್ ಅಲ್ಲದ ಬಟ್ಟೆ ಅಂತ ನನ್ನ ಗೋಳನ್ನೆಲ್ಲ ತೋಡಿಕೊಂಡು ಒಪ್ಪಿದೆ. ಆದರೆ ವೃತ್ತಿಯ ಮಾತು ಹೇಳದೆ ಬಿಡಲಿಲ್ಲ. ಮನೆಗೆ ಹೋಗಿ, ಭಾವ, ಬಿಳಿ ಹಿನ್ನೆಲೆ ಬ್ಯಾಡ್ರಿ, ಒಂಟಿ ಫೋಟೊ ಬ್ಯಾಡ್ರಿ, ಜನ ಬೇರೆ ಅರ್ಥ ಮಾಡ್ಕೊಂತಾರೆ, ಹಳದಿ ಹಾಕಣ, ಮೂಲೆಗೆ ಒಂದು ಸೂರ್ಯಕಾಂತಿ ಹೂವನ್ನಾದರೂ ಹಾಕಣ ಅಂದೆ. ಅವರು ತಲೆ ಅಲ್ಲಾಡಿಸಿಬಿಟ್ಟರು. ಅಕ್ಷರ ಎದ್ದು ಕಾಣಬೇಕು, ಬಿಳಿಯೇ ಇರಲಿ, ನಾನೇನು ಪುಢಾರಿಯಾ ಅಂತ ಅವರ ವಾದ. ಅಕ್ಷರದ ವಿಷಯದಲ್ಲಿ ಅವರ ಜೊತೆ ಗುದ್ದಾಡಿ ಗೆದ್ದವರಿಲ್ಲ. ಫೋಟೊ ಬೇರೆ ಯಾವುದೋ ಮದುವೆಯಲ್ಲಿ ತೆಗೆದದ್ದು, ಹಣೆ ತುಂಬ ವಿಭೂತಿ, ಮುಖ ಗಂಭೀರ. ಶುಕ್ರವಾರ ಸರ್ಕಲ್ಲಿನ ಕಂಬಕ್ಕೆ ಕಟ್ಟಿಸಿದೆ.

ಮುಂದೆ ಆದದ್ದು ನಾನು ಹೇಳಿದ ಹಾಗೆಯೇ. ಶನಿವಾರ ರಾತ್ರಿ ಯಾರೋ ಪುಣ್ಯಾತ್ಮ ಬೈಕಿನ ಮೇಲಿಂದಲೇ ಮೊಬೈಲಿನಲ್ಲಿ ಫೋಟೊ ಹೊಡೆದು, ಮುಖ ಮಾತ್ರ ಕತ್ತರಿಸಿಕೊಂಡು, ಭಾವಪೂರ್ಣ ಶ್ರದ್ಧಾಂಜಲಿ ಅಂತ ಸಮಾಜದ ವಾಟ್ಸಾಪ್ ಗುಂಪಿಗೆ ಹಾಕಿದ. ಅದರ ಕೆಳಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಇನ್ನೊಬ್ಬ ಯಾರೋ ಫ್ಲೆಕ್ಸಿನ ಕೊನೆಯ ಸಾಲನ್ನಷ್ಟೇ ಓದಿಕೊಂಡು, ಭಾನುವಾರ ಬೆಳಿಗ್ಗೆ ಅವರ ಮನೆಯಲ್ಲಿ ಅಂತಿಮ ದರ್ಶನ ಅಂತ ಸೇರಿಸಿದ. ನಾನು ಆ ಗುಂಪಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಬರುವ ಶುಭೋದಯದ ಹೂಗಳ ಕಾಟಕ್ಕೆ ಸದ್ದು ಬಂದ್ ಮಾಡಿಟ್ಟಿದ್ದರಿಂದ ನನಗೆ ತಿಳಿಯಲೇ ಇಲ್ಲ. ಅಕ್ಕನ ಮನೆಯವರು ಫೋನ್ ನೋಡುವ ಸ್ಥಿತಿಯಲ್ಲಿರಲಿಲ್ಲ, ಬರುವವರಿಗೆ ಉಪ್ಪಿಟ್ಟು, ಕುರ್ಚಿ, ಶಾಮಿಯಾನ ಅಂತ ಓಡಾಡುತ್ತಿದ್ದರು.

ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಶಾಮಿಯಾನ ಹಾಕಿತ್ತು. ಅದರ ಕೆಳಗೆ ಎತ್ತರದ ಕುರ್ಚಿಯಲ್ಲಿ ಭಾವನನ್ನು ಕೂರಿಸಿದ್ದೆವು. ಕುತ್ತಿಗೆ ನಿಲ್ಲುತ್ತಿರಲಿಲ್ಲವಾದ್ದರಿಂದ ಹಿಂದೆ ದಿಂಬು ಕೊಟ್ಟು, ಎದೆಗೆ ಅಡ್ಡಲಾಗಿ ಬಿಳಿ ಶಲ್ಯ ಕಟ್ಟಿತ್ತು. ಅಕ್ಕ ತಲೆಗೆ ಸ್ನಾನ ಮಾಡಿಸಿ ಹಣೆಗೆ, ತೋಳಿಗೆ ವಿಭೂತಿ ಹಚ್ಚಿದ್ದಳು. ಹೊರಗಿನವರಿಗೆ ತಿಳಿಯಲಿ ಅಂತ ಹೇಳುತ್ತೇನೆ, ನಮ್ಮ ಜನದಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೀಗೇ ಮನೆಯ ಮುಂದೆ ಶಾಮಿಯಾನದ ಕೆಳಗೆ ಕೂರಿಸುತ್ತೇವೆ, ಬಿದ್ದುಹೋಗದ ಹಾಗೆ ಬಿಳಿ ಬಟ್ಟೆ ಕಟ್ಟುತ್ತೇವೆ. ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ.

ಮೊದಲು ಬಂದವಳು ಕೊಕ್ಕನೂರಿನ ಭೀಮವ್ವ, ಗಂಡ ಮಾಲತೇಶಪ್ಪನ ಜೊತೆ. ಭಾವನ ಮನೆಯವರ ಗದ್ದೆಯನ್ನು ಬಹಳ ವರ್ಷಗಳಿಂದ ಮಾಡಿಕೊಂಡು ಬಂದವರು. ಆಟೋ ಇಳಿದವಳೇ ಗೇಟಿನಲ್ಲಿ ಭಾವನನ್ನು ಕಂಡು, ಕೈಯಲ್ಲಿದ್ದ ಚೆಂಡುಹೂವಿನ ಹಾರ ಎತ್ತಿಕೊಂಡು, ಎದೆ ಬಡಿದುಕೊಂಡು ಹಾಡಿ ಅಳಲು ಶುರು ಮಾಡಿದಳು. ತನ್ನ ಮಗಳ ಮದುವೆಗೆ ಹಂಡೆ ಕೊಟ್ಟದ್ದು, ಊಟ ಮಾಡದೆ ಯಾವತ್ತೂ ಕಳಿಸದಿದ್ದದ್ದು, ಎಲ್ಲವೂ ಆ ಅಳುವಿನಲ್ಲಿ ಬಂತು. ಅಕ್ಕ ಏನಾಯಿತೋ ಅಂತ ಅಡಿಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿ ಬಂದಳು. ಭೀಮವ್ವ ಹತ್ತಿರ ಬಂದು ಕಾಲು ಮುಟ್ಟಿದಾಗ ಭಾವ ಕಣ್ಣು ಪಿಳುಕಿಸಿದರು. ಆಕೆ ಹಿಂದಕ್ಕೆ ಹಾರಿದ ರಭಸಕ್ಕೆ ಉಪ್ಪಿಟ್ಟಿನ ಮೇಜೇ ಉರುಳಬೇಕಿತ್ತು, ಮಾಲತೇಶಪ್ಪ ಹಿಡಿದುಕೊಂಡ.

ಅವಳ ಹಿಂದೆಯೇ ಜನ ಬಂದರು. ಬಜಾರಿನವರು, ನೆಂಟರು, ಶಾಲೆಯವರು, ಪಕ್ಕದ ಬೀದಿಯ ಬಟ್ಟೆ ಅಂಗಡಿಯ ಖುದ್ದೂಸ್ ಸಾಹೇಬರು, ಎಲ್ಲರ ಕೈಯಲ್ಲೂ ಹಾರ. ಫ್ಲೆಕ್ಸ್ ಓದಿ ಕಾಯಿಲೆಯ ಮಾತು ಕೇಳಲು ಬರುವುದಾಗಿದ್ದರೆ ಇದರ ಕಾಲು ಭಾಗವೂ ಬರುತ್ತಿರಲಿಲ್ಲ, ಅದು ಬೇರೆ ಮಾತು. ಬದುಕಿರುವವರ ಮುಂದೆ ಹಾರ ಹಿಡಿದುಕೊಂಡು ಏನು ಮಾಡಬೇಕೆಂದು ತಿಳಿಯದೆ ಕೆಲವರು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು, ಒಬ್ಬರು ನಮ್ಮ ಕಾಂಪೌಂಡಿಗೆ ನೇತು ಹಾಕಿ ಏನೂ ಅರಿಯದವರ ಹಾಗೆ ನಿಂತರು. ಪಂಚಾಕ್ಷರಪ್ಪನವರು ಬೆಳಿಗ್ಗೆ ಎದ್ದು ವಾಟ್ಸಾಪ್ ನೋಡಿದವರೇ ಓಡಿ ಬಂದಿದ್ದರು. ತಮ್ಮ ಬದುಕಿರುವುದನ್ನು ಕಂಡು ಒಂದು ಗಳಿಗೆ ಅವರ ಮುಖ ಅರಳಿತು, ಶಾಮಿಯಾನ ಯಾಕೆ ಅಂತ ಗೊತ್ತಾದ ಮರುಗಳಿಗೆ ಕೆಂಪಾಯಿತು. ನನ್ನನ್ನು ಮೂಲೆಗೆ ಕರೆದು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಭಾವ ಏನೋ ಅಂದರು. ನಯನಾ ಅವರ ಬಾಯಿಯ ಹತ್ತಿರ ಕಿವಿ ಕೊಟ್ಟು, ನೆಟ್ಟಗೆ ನಿಂತು, ಪಾಠ ಹೇಳುವ ದನಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು.

“ತಂದಿದ್ದು ವಾಪಸ್ ಯಾಕ ಒಯ್ತೀರಿ, ಹಾಕ್ರಿ. ಆವತ್ತು ಹಾಕಿದ್ರೆ ನೋಡಾಕೆ ನಾನಿರಲ್ಲ, ಅಂತಾರೆ ಅಪ್ಪ.”

ಮೊದಲು ನಕ್ಕವರು ಖುದ್ದೂಸ್ ಸಾಹೇಬರು. ಆಮೇಲೆ ಒಬ್ಬೊಬ್ಬರೇ ಬಂದು ಹಾಕಿದರು, ಕೆಲವರು ಹಾಕುತ್ತ ಅತ್ತರು. ಭಾವನ ಮುಖ ಹೂವಿನಲ್ಲಿ ಮುಚ್ಚಿಹೋಗುತ್ತಿದ್ದರಿಂದ ಅಕ್ಕ ತೆಗೆದು ತೆಗೆದು ಪಕ್ಕಕ್ಕಿಡುತ್ತಿದ್ದಳು. ನಂತರ ಎಲ್ಲರನ್ನೂ ಕೂರಿಸಿ ಅವರು ಮಾತು ಶುರು ಮಾಡಿದರು. ಅವರು ಒಂದು ವಾಕ್ಯ ಅನ್ನುವುದು, ನಯನಾ ಅದನ್ನು ಹೇಳುವುದು. ಸೊಟ್ಟ ಅಕ್ಷರದಿಂದ ಶುರು ಮಾಡಿದರು. ಕೈಯ ಗುಳಿ ತೋರಿಸಲು ಅಕ್ಕನಿಗೆ ಹೇಳಿದರು, ಅಕ್ಕ ಅವರ ಕೈಯನ್ನು ಎತ್ತಿ ತೋರಿಸಿದಳು. ಲಿಂಗ ಜಾರಿದ್ದನ್ನೂ ಹೇಳಿಬಿಟ್ಟರು, ಅದು ಭಕ್ತಿಯ ಲೋಪವಲ್ಲ, ನರದ ಸೋಲು ಅಂದರು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ತಮ್ಮ ಕೊರಳಿಗೆ ಕೈ ಹಾಕಿಕೊಂಡರು. ಪಥ್ಯದ ಕತೆ ಹೇಳಿ, ಬಾಯಿ ವಾಸನೆ ನೋಡಿದ್ದನ್ನೂ ಹೇಳಿದರು, ಯಾರು ಅಂತ ಮಾತ್ರ ಹೇಳಲಿಲ್ಲ. ಪಂಚಾಕ್ಷರಪ್ಪನವರು ತಲೆ ತಗ್ಗಿಸಿದರು.

ಅಷ್ಟರಲ್ಲಿ ಗೇಟಿನ ಮುಂದೆ ಕಾರು ನಿಂತಿತು. ಸರ್ವಮಂಗಳಮ್ಮ ಮತ್ತು ಅವರ ಗಂಡ ಇಳಿದರು. ಬೀಗರಾಗಬೇಕಾದವರು ತೀರಿಕೊಂಡರೆಂದು ಹರಿಹರದಿಂದ ಹಾರ ತಂದಿದ್ದರು. ಕೂತು ಮಾತಾಡುತ್ತಿರುವ ಭಾವನನ್ನು ನೋಡಿ ಅಲ್ಲೇ ನಿಂತುಬಿಟ್ಟರು. ಯಾರೋ ಅವರಿಗೆ ಕುರ್ಚಿ ಕೊಟ್ಟರು, ಕೂರಲಿಲ್ಲ.

ಭಾವನ ಮಾತು ಅಲ್ಲಿಗೇ ನಿಂತಿತು. ಕಣ್ಣು ಸರ್ವಮಂಗಳಮ್ಮನ ಮೇಲಿತ್ತು. ಲಕ್ವಾ ಅಂತ ಹೇಳಿದ ಸುಳ್ಳನ್ನು ಬಿಚ್ಚುವುದು ಇನ್ನೂ ಬಾಕಿ ಇತ್ತು. ಬಿಚ್ಚಿದರೆ ಮಗಳ ಮದುವೆ ಮುರಿಯುತ್ತದೆ, ಬಿಚ್ಚದಿದ್ದರೆ ಈ ಶಾಮಿಯಾನ, ಈ ಜನ, ಈ ಕೊನೆಯ ಮಾತು ಎಲ್ಲ ವ್ಯರ್ಥ. ಪಂಚಾಕ್ಷರಪ್ಪನವರು ಎದ್ದು, ತಮ್ಮನಿಗೆ ಆಯಾಸವಾಗಿದೆ, ಎಲ್ಲರೂ ಉಪ್ಪಿಟ್ಟು ತಿನ್ನಿ ಅಂತ ಕೈಮುಗಿದರು. ಜನ ಎದ್ದೂ ಎದ್ದರು.

ನಯನಾ ಹಾಗೇ ನಿಂತಿದ್ದಳು. “ಹೇಳಪ್ಪ,” ಅಂದಳು. “ನಾನಿದೀನಲ್ಲ.”

ಭಾವ ಹೇಳಿದರು. ಲಕ್ವಾ ಅಂತ ಬೀಗರಿಗೆ ಹೇಳಿದ್ದು ಸುಳ್ಳು, ತಪ್ಪು ನಮ್ಮದು. ಈ ಕಾಯಿಲೆ ಮಕ್ಕಳಿಗೆ ಬರುವುದು ಬಹಳ ಅಪರೂಪ, ಬರುವುದೇ ಇಲ್ಲ ಅಂತಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ. ನಯನಾ ಒಂದು ಅಕ್ಷರ ಬಿಡದೆ ಹೇಳಿದಳು. ತನ್ನ ಮೈಗೆ ಸಂಬಂಧಪಟ್ಟ ಮಾತನ್ನು ತನ್ನ ಅತ್ತೆಯಾಗಬೇಕಾದವರ ಮುಖ ನೋಡಿಕೊಂಡೇ, ಬೇರೆ ಯಾರದೋ ವಿಷಯ ಅನ್ನುವ ಹಾಗೆ ಹೇಳಿದಳು.

ಆಮೇಲೆ ಭಾವ ಇನ್ನೊಂದು ಮಾತು ಅಂದರು. ಅಷ್ಟು ಹೊತ್ತು ಮಾತಾಡಿ ದನಿ ಸೋತಿತ್ತು, ಆದರೂ ನಾನು ಹತ್ತಿರವಿದ್ದೆ, ನನಗೆ ತಿಳಿಯಿತು. ಅದನ್ನು ಇಲ್ಲಿ ಬರೆಯುವ ಮುಂಚೆ ನಯನಾಳನ್ನು ಕೇಳಿದ್ದೇನೆ, ಬರಿ ಮಾಮ ಅಂದಿದ್ದಾಳೆ. ಭಾವ ಅಂದದ್ದು ಇಷ್ಟು: “ಚಿನ್ನದಂಥಾ ಹುಡುಗಿ ಐತಮ್ಮ. ನಿಮ್ಮ ಕಾಲ್ ಹಿಡಿತೀನಿ, ಬಿಡಬ್ಯಾಡ್ರಿ.”

ಜನರೆಲ್ಲ ನಯನಾಳ ಬಾಯಿ ನೋಡುತ್ತಿದ್ದರು. ಅವಳು ತುಟಿ ಬಿಗಿಹಿಡಿದು ಸುಮ್ಮನೆ ನಿಂತಳು. ಏನಂದ್ರವ್ವ ಅಂತ ಹಿಂದಿನಿಂದ ಭೀಮವ್ವ ಕೇಳಿದಳು. ಸರ್ವಮಂಗಳಮ್ಮನೂ ಒಂದು ಹೆಜ್ಜೆ ಮುಂದೆ ಬಂದು ಏನು ಅನ್ನುವ ಹಾಗೆ ನೋಡಿದರು.

“ಅದು ನಂಗೆ ಹೇಳಿದ್ದು,” ಅಂದಳು ನಯನಾ. ಅಪ್ಪನ ಬಾಯಿ ಒರೆಸಿ, ಮುಗೀತು, ಎಲ್ಲರೂ ತಿಂಡಿ ತಗೊಳ್ರಿ ಅಂದಳು.

ಸರ್ವಮಂಗಳಮ್ಮ ತಂದಿದ್ದ ಹಾರವನ್ನು ಅಕ್ಕನ ಕೈಗೆ ಕೊಟ್ಟು, ಬರ್ತೀವ್ರಿ ಅಂತ ಹೊರಟರು. ತಿಂಡಿ ಮುಟ್ಟಲಿಲ್ಲ. ಆ ವಾರವೇ ಮದುವೆ ಮಾತಿಗೆ ನಡುವೆ ನಿಂತವರ ಕಡೆಯಿಂದ ಜಾತಕ ಕೂಡಿಬರುತ್ತಿಲ್ಲ ಅಂತ ಹೇಳಿಕಳಿಸಿದರು. ಅಷ್ಟು ತಿಂಗಳಿಂದ ಕೂಡಿ ಕೂತಿದ್ದ ಜಾತಕ ಆ ಭಾನುವಾರ ಹೇಗೆ ಎದ್ದು ಹೋಯಿತೋ ಗ್ರಹಗಳನ್ನೇ ಕೇಳಬೇಕು. ಹುಡುಗ ಕೆಲವು ದಿನ ಫೋನ್ ಮಾಡಿದ, ತಾಯಿಯನ್ನು ಒಪ್ಪಿಸುತ್ತೇನೆ ಅಂದನಂತೆ, ಆಮೇಲೆ ಮಾಡಲಿಲ್ಲ. ನಯನಾ ತಾರಸಿಗೆ ಹೋಗುವುದು ನಿಂತಿತು. ಅತ್ತಳು, ಅಳಲಿಲ್ಲ ಅಂದರೆ ಸುಳ್ಳಾಗುತ್ತದೆ. ಪಂಚಾಕ್ಷರಪ್ಪನವರು ನನ್ನ ಜೊತೆ ಮಾತು ಬಿಟ್ಟರು, ನನಗೇನೂ ನಷ್ಟವಾಗಲಿಲ್ಲ.

ಊರು ಮಾತ್ರ ಅಂದಿನ ಮಾತನ್ನು ಕೇಳಿಸಿಕೊಂಡಿತ್ತು. ಬಜಾರಿನಲ್ಲಿ ಕುಡುಕ ಅನ್ನುವುದು ಅಡಗಿತು. ಅಂಗೈ ತೋರಿಸಿಕೊಂಡು, ತೊದಲುವ ತಾಯಿಯನ್ನು ಕರೆದುಕೊಂಡು ಜನ ಅಕ್ಕನ ಮನೆಗೆ ಬಂದು ಯಾವ ಡಾಕ್ಟರು, ಯಾವ ಪರೀಕ್ಷೆ ಅಂತ ಕೇಳಿಕೊಂಡು ಹೋಗತೊಡಗಿದರು. ಭೀಮವ್ವನ ಗಂಡ ಮಾಲತೇಶಪ್ಪನಿಗೆ ಆಗಲೇ ಕುಡುಗೋಲು ಹಿಡಿತಕ್ಕೆ ಸಿಗುತ್ತಿರಲಿಲ್ಲ, ವಯಸ್ಸಾಯಿತು ಅಂದುಕೊಂಡು ಸುಮ್ಮನಿದ್ದ. ಹೆಂಡತಿ ಹೆದರಿ ಎಳೆದುಕೊಂಡು ಹೋದಳು. ಇದಲ್ಲ ಅಂತಾಯಿತು, ಕತ್ತಿನ ಮೂಳೆ ಸರಿದು ನರ ಒತ್ತುತ್ತಿತ್ತು. ಆಪರೇಷನ್ ಆಗಿ ಈಗ ಮತ್ತೆ ಕೆಲಸ ಮಾಡುತ್ತಿದ್ದಾನೆ. ತಡ ಮಾಡಿದ್ದರೆ ಕೈ ಕಾಲು ಎರಡೂ ಹೋಗುತ್ತಿದ್ದವಂತೆ. ಅದನ್ನು ಕೇಳಿದ ದಿನ ಭಾವ ನಕ್ಕರು, ನಗು ನಿಲ್ಲಿಸಲಾಗದೆ ಅತ್ತರು. ಆ ಕಾಯಿಲೆಯಲ್ಲಿ ನಗುವೂ ಅಳುವೂ ಹಿಡಿತದಲ್ಲಿ ಇರುವುದಿಲ್ಲವಂತೆ. ನನಗಂತೂ ಅವತ್ತು ಅವರು ಬೇಕೆಂದೇ ಎರಡನ್ನೂ ಮಾಡಿದರು ಅನ್ನಿಸಿತು.

ದೀಪಾವಳಿಗೆ ಮುಂಚೆಯೇ ಅವರ ಮಾತು ಪೂರ್ತಿ ಹೋಯಿತು. ನಯನಾಳಿಗೂ ತಿಳಿಯದಾಯಿತು. ಅಕ್ಷರ ಬರೆದ ಹಲಗೆ ಹಿಡಿದು, ಅವರು ಕಣ್ಣು ಪಿಳುಕಿಸಿದ ಅಕ್ಷರ ಕೂಡಿಸಿ ಮಾತು ಮಾಡಿಕೊಳ್ಳುತ್ತಿದ್ದಳು. ಹರಿಹರದ ಮಹಿಳಾ ಸಂಘದವರು, ಕೊಕ್ಕನೂರಿನವರು, ಎರಡು ಮೂರು ಶಾಲೆಯವರು ಕರೆದರು. ಗಾಲಿಕುರ್ಚಿಯಲ್ಲಿ ಅಪ್ಪನನ್ನು ಕೂರಿಸಿಕೊಂಡು ಹೋಗಿ ಅವಳೇ ಹೇಳಿ ಬರುತ್ತಿದ್ದಳು. ಹರಿಹರದ ಸಭೆಯಲ್ಲಿ ಒಬ್ಬ ಹೆಂಗಸು, ನಿಂಗೂ ಬಂದ್ರೆ ಏನ್ ಮಾಡ್ತಿ ಅಂತ ಮುಖಕ್ಕೇ ಕೇಳಿದಳು. ಬಂದರೆ ಆಗಲೂ ಇಲ್ಲೇ ಬಂದು ಹೇಳುತ್ತೇನೆ ಅಂದಳು ನಯನಾ. ಬೇಸಿಗೆ ಕಾಲಿಡುವ ಹೊತ್ತಿಗೆ ಉಸಿರಾಟ ಸೋತು, ಒಂದು ಮಧ್ಯಾಹ್ನ ಅಕ್ಕ ಪಕ್ಕದಲ್ಲಿರುವಾಗಲೇ ಭಾವ ಹೋದರು.

ಶಿವಗಣಾರಾಧನೆಯ ತಿಥಿ ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ, ನಯನಾ ಪಾತ್ರೆ ತೊಳೆದು ಒರೆಸುತ್ತ ಕೂತಿದ್ದಳು. ಅಷ್ಟು ದಿನದಿಂದ ಕೇಳಬೇಕೆಂದಿದ್ದದ್ದನ್ನು ಕೇಳಿಯೇಬಿಟ್ಟೆ. ಸರ್ವಮಂಗಳಮ್ಮ ಆವತ್ತು ಒಂದು ಹೆಜ್ಜೆ ಮುಂದೆ ಬಂದಿದ್ದರು, ಆ ತಾಯಿಯೂ ಮನುಷ್ಯಳೇ, ಅಪ್ಪ ಅಂದದ್ದನ್ನು ಅಂದಿದ್ದರೆ ಕರಗುತ್ತಿದ್ದರೇನೋ, ಯಾಕೆ ಹೇಳಲಿಲ್ಲ ಅಂತ.

ಅವಳು ಕೈಯಲ್ಲಿದ್ದ ತಟ್ಟೆಯನ್ನು ಒರೆಸಿ ಮುಗಿಸಿ ಕೆಳಗಿಟ್ಟಳು.

“ಅಪ್ಪನ ಮಾತೆಲ್ಲ ಊರಿಗೆ ಕೊಟ್ಟೆನಲ್ಲ ಮಾಮ,” ಅಂದಳು. “ಅದೊಂದು ನಂಗಿರಲಿ ಅನ್ನಿಸ್ತು.”